ನೀರಿಗೆ ಜಗ್ಗದ ಮರ

ಜನವರಿ 12

ಪುಟ್ಟಿಗೆ,

ನಾನು ಈ ಮನೆಯ ಯಜಮಾನಿ. ನಮ್ಮ ಕಂಬದ ಕಾರ್ಖಾನೆಗೆ ಯಾವ ಮರ ಒಳಗೆ ಬರಬೇಕು, ಮನೆಯಿಂದ ಯಾವ ಮಾತು ಹೊರಗೆ ಹೋಗಬೇಕು ಎಂಬುದನ್ನು ನಿಮ್ಮಣ್ಣ ತೀರಿಕೊಂಡ ಮೇಲೆ ನಾನೇ ನಿರ್ಧರಿಸುತ್ತ ಬಂದಿದ್ದೇನೆ. ಇದನ್ನು ನೆನಪಿಸಬೇಕಾಗಿ ಬಂತು. ನೀನು ಕಾಗದವನ್ನು ನೇರವಾಗಿ ನನ್ನ ದೊಡ್ಡ ಮಗನಿಗೆ ಬರೆದಿದ್ದೀಯ. ಅತ್ತಿಗೆ ಬದುಕಿರುವಾಗ ಸೋದರಳಿಯನ ಹತ್ತಿರ ಕೇಳುವಂಥದ್ದು ಏನಿತ್ತು? ಕಾಗದ ನನ್ನ ಕೈಗೇ ಬಂತು. ಒಡೆದು ಓದಿದೆ.

ನಿನ್ನ ಕಿವಿ ಮಂದವಾಗಿರುವುದರಿಂದ ಫೋನಿನಲ್ಲಿ ಕೂಗಿ ನನ್ನ ಗಂಟಲು ಹಾಳು ಮಾಡಿಕೊಳ್ಳುವುದು ಬೇಡ. ಹೀಗೆ ಬರೆಯುವುದೇ ಸರಿ.

ಗಿಳಿ ಕೂರುವ ಸ್ಟ್ಯಾಂಡಿಗೆ ನೀರಿನಲ್ಲಿ ಹಾಳಾಗದ ವಸ್ತು ಯಾವುದು ಎಂದು ಕೇಳಿದ್ದೀಯ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನಾಲ್ಕು ಜನರ ಸಹವಾಸ ಮಾಡುತ್ತೀಯ ಅಂದುಕೊಂಡಿದ್ದೆ. ಗಿಳಿ ಸಾಕಿದ್ದೀಯ, ಅದಕ್ಕೆ ‘ದೊರೆ’ ಎಂಬ ಹೆಸರು ಬೇರೆ. ನೋಡಲು ಬಂದ ಗಂಡುಗಳಿಗೆಲ್ಲ ಮೂಗು ಮುರಿದವಳಿಗೆ ಕೊನೆಗೆ ಕೊಕ್ಕಿನವನೇ ಗತಿಯಾದ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಆದರೆ ಮೊದಲು ಇಷ್ಟು ತಿಳಿಸು: ನೀರು ಮೇಲಿನಿಂದ ಬೀಳುತ್ತದೋ, ಕೆಳಗೆ ನಿಲ್ಲುತ್ತದೋ? ಬಿಸಿಲು ಬರುತ್ತದೋ? ಹಳೆಯ ಸ್ಟ್ಯಾಂಡ್ ಎಲ್ಲಿಂದ ಕೊಳೆಯಲು ಶುರುವಾಯಿತು? ರೋಗ ಗೊತ್ತಿಲ್ಲದೆ ಔಷಧಿ ಹೇಳುವವಳಲ್ಲ ನಾನು.

ನಿನ್ನ ಅತ್ತಿಗೆ

ಜನವರಿ 25

ಅತ್ತಿಗೆಯವರಿಗೆ ನಮಸ್ಕಾರ.

ತಪ್ಪಾಯಿತು. ಇನ್ನು ಮುಂದೆ ಅಳಿಯನಿಗೆ ಆಶೀರ್ವಾದ ಕಳಿಸುವುದಿದ್ದರೂ ನಿಮ್ಮ ಅಪ್ಪಣೆ ಪಡೆದೇ ಕಳಿಸುತ್ತೇನೆ. ಕೊಕ್ಕಿನವನಾದರೂ ಇವನು ಇವತ್ತಿನವರೆಗೆ ನನಗೆ ಕಾಫಿ ಮಾಡು ಎಂದು ಹೇಳಿಲ್ಲ, ಅದನ್ನು ಗಮನಿಸಿ.

ನನ್ನದು ಮಹಡಿಯ ಮೇಲಿನ ಎರಡು ಕೋಣೆ. ಹಿಂದೆ ಟೈಲ್ಸ್ ಹಾಕಿದ ಸಣ್ಣ ಬಾಲ್ಕನಿ, ಅದರಲ್ಲೊಂದು ನಲ್ಲಿ. ದೊರೆಗೆ ನೀರಿನ ಹುಚ್ಚು. ಬೆಳಿಗ್ಗೆಯೂ ಸಂಜೆಯೂ ನಲ್ಲಿಯ ಕೆಳಗೆ ರೆಕ್ಕೆ ಹರಡಿ ನಿಲ್ಲುತ್ತಾನೆ, ಆಮೇಲೆ ಸ್ಟ್ಯಾಂಡ್ ಹತ್ತಿ ಮೈ ಕೊಡವುತ್ತಾನೆ. ಮೇಲಿನಿಂದಲೂ ನೀರು, ಬುಡದಲ್ಲೂ ನೀರು. ಬಿಸಿಲು ಒಂದು ಮೂಲೆಗೆ ಮಾತ್ರ.

ಮೊದಲನೆಯದು ಪ್ಲೈವುಡ್ಡಿನದು, ಒದ್ದೆಯಾದ ಪುಸ್ತಕದ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಕಬ್ಬಿಣದ್ದು ತಂದೆ, ತುಕ್ಕು ಹಿಡಿದು ಅವನ ಪಾದಗಳೆಲ್ಲ ಕೆಂಪಾದವು. ಸ್ಟೀಲಿನ ಕೊಳವೆಯ ಮೇಲೆ ಕಾಲು ಜಾರಿ ಬಿದ್ದ, ನನ್ನನ್ನೇ ಬೈದ. ಪ್ಲಾಸ್ಟಿಕ್ ಪೈಪನ್ನು ಕಡಿದು ಚೂರು ಮಾಡಿದ. ಈಗಿರುವುದು ಸಾಧಾರಣ ಮರ, ಮೇಲೆ ವಾರ್ನಿಷ್. ವಾರ್ನಿಷ್ ಸಿಪ್ಪೆಯೆದ್ದು ಬುಡ ಕಪ್ಪಗಾಗಿದೆ, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ.

ಒಂದು ಮಾತು. ಇವನು ಕೂರುವುದಕ್ಕಿಂತ ಕಡಿಯುವುದೇ ಹೆಚ್ಚು. ಬಾಗಿಲ ಚೌಕಟ್ಟನ್ನೂ ಬಿಟ್ಟಿಲ್ಲ.

ಅಳಿಯ ಹೇಗಿದ್ದಾನೆ? ಅವನ ಕೈಬರಹ ನೋಡಿ ಬಹಳ ದಿನವಾಯಿತು.

ನಿಮ್ಮ ಪುಟ್ಟಿ

ಫೆಬ್ರವರಿ 20

ಪುಟ್ಟಿಗೆ,

ಅಂಗಡಿಯವರು ಹೇಳಿದ್ದನ್ನೆಲ್ಲ ಕೊಂಡು ಬುದ್ಧಿ ಕಲಿತೆ. ವಾರ್ನಿಷ್ ಎಂಬುದು ಮರಕ್ಕೆ ಹಾಕಿದ ಅಂಗಿ, ಹರಿದರೆ ಮುಗಿಯಿತು. ಮರ ಒಳಗಿನಿಂದಲೇ ಗಟ್ಟಿಯಾಗಬೇಕು. ನಮ್ಮ ಕಂಬಗಳು ದೋಣಿ ನಿಲ್ಲುವ ಧಕ್ಕೆಯಲ್ಲಿ, ಸೊಂಟದವರೆಗೆ ನೀರಿನಲ್ಲಿ ನಿಂತಿವೆ. ಅವುಗಳನ್ನು ನಿಲ್ಲಿಸಿದವರು ಸತ್ತುಹೋದರು, ಕಂಬ ಅಲ್ಲಾಡಿಲ್ಲ.

ನಿನ್ನ ದೊರೆಗೂ ಅದೇ ಮರದ ಸ್ಟ್ಯಾಂಡ್ ಮಾಡಿಸಿದ್ದೇನೆ. ತುಂಡನ್ನು ನಾನೇ ಆರಿಸಿದೆ, ಗಂಟಿಲ್ಲದ್ದು. ಮರಕ್ಕೆ ಔಷಧಿ ಕುಡಿಸುವ ಹಸಿರು ತೊಟ್ಟಿಯಲ್ಲಿ ಧಕ್ಕೆಯ ಕಂಬಕ್ಕಿಂತಲೂ ಹೆಚ್ಚು ಹೊತ್ತು ನೆನೆಸಿದ್ದೇವೆ. ಸಣ್ಣ ತುಂಡಾದ್ದರಿಂದ ತೇಲಿ ತೇಲಿ ಮೇಲೆ ಬರುತ್ತಿತ್ತು. ದೊಡ್ಡೋನು ತೋಳು ಮುಳುಗಿಸಿ ಅದನ್ನು ಅದುಮಿ ಹಿಡಿದುಕೊಂಡೇ ಕೂತಿದ್ದ. ಹೊಸದಾಗಿ ಸೇರಿದ ಆಳೊಬ್ಬ, “ಅಣ್ಣಾ, ಕೈಗೆ ಗ್ಲೌಸ್ ಹಾಕ್ಕೊಳ್ಳಲ್ವಾ?” ಅಂದ. ದೊಡ್ಡೋನು ನಕ್ಕು, “ಗ್ಲೌಸ್ ಹಾಕ್ಕೊಂಡೋನಿಗೆ ಮರ ಕುಡೀತೋ ಇಲ್ವೋ ಹೇಗಪ್ಪಾ ಗೊತ್ತಾಗುತ್ತೆ?” ಅಂದ. ಥೇಟು ಅವರಪ್ಪನ ಮಾತು. ತೊಟ್ಟಿಯಲ್ಲಿ ಬರಿಗೈ ಇಡುವುದು ಈ ಮನೆಯ ಹಿರಿಮಗನ ಹಕ್ಕು, ಮೂರು ತಲೆಮಾರಿನಿಂದ ನಡೆದು ಬಂದಿದೆ. ಅವನ ಅಂಗೈ ನೋಡಬೇಕು ನೀನು. ಜೋಳದ ಕಾಳು ಹುದುಗಿಸಿದ ಹಾಗೆ ಗಂಟುಗಳು. ದುಡಿದವನ ಕೈ ಅಂದರೆ ಅದು.

ಅಳಿಯನ ಕೈಬರಹ ಕೇಳಿದ್ದೀಯ. ಅವನು ಪೆನ್ನು ಹಿಡಿಯುವುದು ಕಡಿಮೆ, ಬೆರಳು ಮಡಿಸಲು ಬಿಗಿಯುತ್ತದಂತೆ. ಚಳಿಗಾಲ.

ಲಾರಿಯಲ್ಲಿ ಕಳಿಸಿದ್ದೇನೆ. ಮೇಲೆ ಏನನ್ನೂ ಬಳಿಯಬೇಡ. ನಿನ್ನ ದೊರೆ ಎಷ್ಟು ಕಡಿಯುತ್ತಾನೋ ಕಡಿಯಲಿ, ಮರಕ್ಕೆ ಏನೂ ಆಗುವುದಿಲ್ಲ.

ನಿನ್ನ ಅತ್ತಿಗೆ

ಮಾರ್ಚ್ 15

ಅತ್ತಿಗೆಯವರಿಗೆ ನಮಸ್ಕಾರ.

ಸ್ಟ್ಯಾಂಡ್ ತಲುಪಿತು. ಕೆಳಗಿನ ಮನೆಯವರೆಲ್ಲ ಬಂದು ನೋಡಿದರು. ತಿಳಿ ಹಸಿರು ಬಣ್ಣ, ಮೂಲೆಗಳನ್ನು ಎಷ್ಟು ನಯವಾಗಿ ಉಜ್ಜಿದ್ದೀರಿ! ನೀರು ಬಿದ್ದರೆ ಜಾರಿ ಹೋಗುತ್ತದೆ, ಬುಡದಲ್ಲಿ ಒಂದು ಕಲೆಯೂ ಇಲ್ಲ. ಸಿಂಹಾಸನ ಬಂತು ಎಂದು ದೊರೆಗೆ ಆ ಕ್ಷಣವೇ ಗೊತ್ತಾಯಿತು. ಹತ್ತಿ ಕೂತವನು ಸಂಜೆಯೊಳಗೆ ಒಂದು ತುದಿಯನ್ನು ಪೆನ್ಸಿಲಿನ ಹಾಗೆ ಕೆತ್ತಿದ.

ನಾಲ್ಕೈದು ದಿನದಿಂದ ಕಾಳು ಸರಿಯಾಗಿ ತಿನ್ನುತ್ತಿಲ್ಲ. ನೀರನ್ನು ಮಾತ್ರ ಬಹಳ ಕುಡಿಯುತ್ತಾನೆ. ಬಿಸಿಲು ಜಾಸ್ತಿಯಾಗಿದೆಯಲ್ಲ, ಅದಕ್ಕಿರಬೇಕು.

ನಿಮ್ಮ ಪುಟ್ಟಿ

ಮಾರ್ಚ್ 28

ಪುಟ್ಟಿಗೆ,

ಹಕ್ಕಿ ಪುಕ್ಕ ಉದುರಿಸುವ ಕಾಲದಲ್ಲಿ ಹಾಗೇ. ಮುದ್ದು ಮಾಡಿ ಕೆಡಿಸಿದ್ದೀಯ, ಒಂದು ದಿನ ಉಪವಾಸ ಹಾಕು, ತಾನಾಗಿ ತಿನ್ನುತ್ತದೆ.

ನಮಗೆ ಪುರುಸೊತ್ತಿಲ್ಲ. ಹೊಸ ಧಕ್ಕೆಯೊಂದರ ಅಷ್ಟೂ ಕಂಬಗಳು ನಮ್ಮಲ್ಲೇ ಆಗಬೇಕೆಂದು ಬಂದಿದೆ. ಇಷ್ಟು ದೊಡ್ಡ ಕೆಲಸ ನಿಮ್ಮಣ್ಣನ ಕಾಲದಲ್ಲೂ ಬಂದಿರಲಿಲ್ಲ. ದೊಡ್ಡೋನು ತೊಟ್ಟಿಯ ಹತ್ತಿರವೇ ಊಟ ತರಿಸಿಕೊಳ್ಳುತ್ತಾನೆ. ಅವನ ಬಲಗೈ ನಡುಬೆರಳಿನ ಗಂಟೊಂದು ಒಡೆದು ಹುಣ್ಣಾಗಿದೆ. ಮೂರು ತಿಂಗಳಾಯಿತು, ಮುಲಾಮು ಹಚ್ಚಿದರೆ ಒಣಗುತ್ತದೆ, ಮತ್ತೆ ಬಿರಿಯುತ್ತದೆ. “ಡಾಕ್ಟರಿಗೆ ತೋರಿಸೋ” ಅಂದೆ. “ಕೈ ಕೆಲಸದೋನಿಗೆ ಗಾಯ ಇಲ್ದೆ ಇನ್ನೇನು ಉಂಗುರ ಇರುತ್ತಾ? ಬಿಡಮ್ಮ” ಅಂದ. ಮಾತಿಗೆ ಮಾತ್ರ ಕಡಿಮೆಯಿಲ್ಲ.

ನಿನ್ನ ಅತ್ತಿಗೆ

ಏಪ್ರಿಲ್ 22

ಅತ್ತಿಗೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ದೊರೆಯ ಗಲಾಟೆ ಈಗ ಇಲ್ಲ. ಮನೆ ನಿಶ್ಶಬ್ದವಾಗಿದೆ.

ಕೆಲವು ವಿಷಯ ಕೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಹೇಳಿ. ಆ ಹಸಿರು ತೊಟ್ಟಿಗೆ ಹಾಕುವ ಪುಡಿ ಯಾವುದು? ಚೀಲದ ಮೇಲೆ ಏನು ಬರೆದಿರುತ್ತದೆ? ಅದನ್ನು ಕಲಸುವವರು ಯಾರು? ನೆನೆಸಿದ ಮರದ ಚೂರುಗಳನ್ನು ಏನು ಮಾಡುತ್ತೀರಿ? ಅಳಿಯನ ಎದೆ, ಬೆನ್ನಿನ ಮೇಲೆ ಚುಕ್ಕೆಗಳೇನಾದರೂ ಇವೆಯೇ? ಅಂಗೈಯಲ್ಲಿರುವಂಥ ಗಂಟುಗಳು ಅಂಗಾಲಿನಲ್ಲೂ ಇವೆಯೇ? ಅಣ್ಣನಿಗೆ ಇದ್ದವೇ?

ಅವನನ್ನು ಒಂದು ವಾರ ಇಲ್ಲಿಗೆ ಕಳಿಸಿ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ತೋರಿಸುತ್ತೇನೆ. ಧಕ್ಕೆಯ ಕೆಲಸ ಕಾಯುತ್ತದೆ.

ನಿಮ್ಮ ಪುಟ್ಟಿ

ಮೇ 3

ನಾದಿನಿಗೆ,

ಗಿಳಿಗೆ ಸ್ಟ್ಯಾಂಡ್ ಕೇಳಿ ಶುರು ಮಾಡಿದವಳು ಈಗ ತೊಟ್ಟಿಯ ಗುಟ್ಟಿಗೆ ಬಂದು ನಿಂತಿದ್ದೀಯ. ದೊಡ್ಡ ಕೆಲಸ ಬಂದಿದೆ ಎಂದು ಬರೆದದ್ದೇ ತಡ, ತವರಿನ ನೆನಪು ಉಕ್ಕಿ ಬಂತೇ? ಪಾಲು ಬೇಕಿದ್ದರೆ ಬಾಯಿ ಬಿಟ್ಟು ಕೇಳು. ನೀನೂ ಈ ಮನೆಯ ಮಗಳು, ಇಲ್ಲವೆನ್ನುವುದಿಲ್ಲ. ಆದರೆ ಬೆಕ್ಕಿನ ಹಾಗೆ ಹಿತ್ತಲ ಬಾಗಿಲಿನಿಂದ ಬರಬೇಡ.

ಮುಚ್ಚಿಡುವುದು ನನಗೆ ಅಭ್ಯಾಸವಿಲ್ಲ, ಕೇಳು. ಪುಡಿ ಚೀಲದಲ್ಲಿ ಬರುತ್ತದೆ, ಚೀಲದ ಮೇಲೆ ಏನಿದೆಯೋ ಯಾರೂ ಓದಿಲ್ಲ. ಕಲಸುವವನು ದೊಡ್ಡೋನು, ಅವನಿಗಿಂತ ಮೊದಲು ನಿಮ್ಮಣ್ಣ. ಮರದ ಚೂರುಗಳು ಬಚ್ಚಲ ಒಲೆಗೆ ಹೋಗುತ್ತವೆ. ಒಳ್ಳೆಯ ಕಾವು ಕೊಡುತ್ತವೆ. ಆ ನೀರಿನಲ್ಲೇ ನನ್ನ ಮಕ್ಕಳೆಲ್ಲ ಬೆಳೆದದ್ದು. ಚುಕ್ಕೆ ಇದೆ. ಧೂಳಿನ ಮೇಲೆ ಮಳೆಹನಿ ಬಿದ್ದ ಹಾಗೆ, ಎದೆಯ ತುಂಬ. ಅವರಪ್ಪನಿಗೂ ಇತ್ತು. ಅದು ನಿಮ್ಮ ವಂಶದ ಗುರುತು, ನಿನಗೆ ಗೊತ್ತಿರಬೇಕಿತ್ತು. ಅಂಗಾಲಿನಲ್ಲೂ ಗಂಟು ಇದೆ, ಅವನೇನು ಪಲ್ಲಕ್ಕಿಯಲ್ಲಿ ಓಡಾಡುವುದಿಲ್ಲ.

ಅವನನ್ನು ಕಳಿಸುವುದಿಲ್ಲ.

ಅತ್ತಿಗೆ

ಮೇ 14

ಅತ್ತಿಗೆಯವರಿಗೆ,

ನನಗೆ ಪಾಲು ಬೇಡ. ನೀವು ಎಷ್ಟು ಬೈದರೂ ಸರಿ, ಈ ಕಾಗದವನ್ನು ಪೂರ್ತಿ ಓದಿ.

ದೊರೆ ಏಪ್ರಿಲ್ ಆರರಂದು ಸತ್ತ. ಎರಡು ದಿನ ಸ್ಟ್ಯಾಂಡಿನ ಮೇಲೆ ಕೂರಲಾಗದೆ ನೆಲದ ಮೇಲೆ ಕೂತಿದ್ದ. ಆಮೇಲೆ ಕತ್ತು ಎತ್ತಲೂ ಆಗಲಿಲ್ಲ. ನೀವು ನಿಮ್ಮ ಕೈಯಾರೆ ಆರಿಸಿ ಕಳಿಸಿದ ಮರ, ಹೇಗೆ ಬರೆಯಲಿ ಎಂದು ಸುಮ್ಮನಿದ್ದೆ. ಪಶುವೈದ್ಯರು ಅವನ ಹೊಟ್ಟೆಯೊಳಗಿನ ಹಸಿರು ಚೂರುಗಳನ್ನು ನೋಡಿ, ಈ ಮರ ಎಲ್ಲಿಯದು ಎಂದು ಕೇಳಿದರು. ಸ್ಟ್ಯಾಂಡಿನಿಂದ ಒಂದಿಷ್ಟು ಕೆರೆದು ಪರೀಕ್ಷೆಗೆ ಕೊಟ್ಟೆ. ಉತ್ತರ ಬಂದಿದೆ. ಅದರಲ್ಲಿರುವುದು ಪಾಷಾಣ, ಆರ್ಸೆನಿಕ್ ಅನ್ನುವ ವಿಷ, ಅತ್ತಿಗೆ. ಮರದ ಹುಳು ಸಾಯುವುದೂ, ಮರ ಕೊಳೆಯದಿರುವುದೂ ಅದರಿಂದಲೇ.

ನೀವು ಬರೆದ ಗಂಟು, ಮಳೆಹನಿಯಂಥ ಚುಕ್ಕೆ, ಎರಡೂ ದುಡಿಮೆಯ ಗುರುತಲ್ಲ. ವಂಶದ ಗುರುತೂ ಅಲ್ಲ, ಏಕೆಂದರೆ ನಾನೂ ಅದೇ ವಂಶದವಳು, ನನ್ನ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ನಾನು ಹದಿನೇಳಕ್ಕೆ ಮನೆ ಬಿಟ್ಟು ಓದಲು ಬಂದೆ. ನಾನು ತೊಟ್ಟಿಯಲ್ಲಿ ಕೈ ಇಟ್ಟವಳಲ್ಲ.

ಮೂರು ತಿಂಗಳಾದರೂ ಮಾಯದ ಹುಣ್ಣು ಎಂದು ಬರೆದಿದ್ದೀರಿ. ಅದನ್ನು ಈ ವಾರವೇ ತೋರಿಸಿ. ನನ್ನ ಹತ್ತಿರ ಕಳಿಸುವುದು ಬೇಡ, ಅಲ್ಲೇ ಯಾವುದಾದರೂ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಚ್ಚಲ ಒಲೆಗೆ ಆ ಚೂರುಗಳನ್ನು ಹಾಕಬೇಡಿ.

ಪುಟ್ಟಿ

ಮೇ 26

ನಾದಿನಿಗೆ,

ನಿನ್ನ ಕಾಗದ ಬಂತು. ಒಂದು ಗಿಳಿ ಸತ್ತದ್ದಕ್ಕೆ ಮೂರು ತಲೆಮಾರಿನ ಮನೆಯನ್ನು ವಿಷದ ಮನೆ ಅನ್ನುತ್ತೀಯ. ನಾನು ನಂಬುವುದಿಲ್ಲ.

ಜುಲೈ 30

ಪುಟ್ಟಿಗೆ,

ನಂಬುವುದಿಲ್ಲ ಎಂದು ಬರೆದು ಅಂಚೆಗೆ ಹಾಕಿಸಿದ ದಿನವೇ ನಾನು ಕಾರ್ಖಾನೆಗೆ ಹೋಗಿ ಕೆಲಸ ನಿಲ್ಲಿಸಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. “ಕೈ ಚಾಚಿ” ಅಂದೆ.

ಹಳೇ ಮೇಸ್ತ್ರಿ ನಕ್ಕು, “ಏನ್ ಅಮ್ಮಾವ್ರೇ, ಭವಿಷ್ಯ ಹೇಳ್ತೀರಾ? ನನ್ಗೆ ಇನ್ನೊಂದು ಮದುವೆ ಯೋಗ ಇದ್ಯಾ ನೋಡಿ” ಅಂದ. ಎಲ್ಲರೂ ನಕ್ಕರು. ಗರಗಸದವರ, ಲಾರಿಗೆ ಹೇರುವವರ ಕೈಗಳು ಒರಟಾಗಿದ್ದವು, ಬೊಕ್ಕೆ ಎದ್ದಿದ್ದವು, ಆದರೆ ಗಂಟುಗಳಿರಲಿಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ದುಡಿದವರು ಅವರು. ಗಂಟುಗಳಿದ್ದದ್ದು ತೊಟ್ಟಿಯಿಂದ ಒದ್ದೆ ಕಂಬ ಎತ್ತುವ ಮೂವರಿಗೆ ಮಾತ್ರ: ಮೇಸ್ತ್ರಿಗೆ, ತೊಟ್ಟಿಯ ಹಳೆಯ ಆಳಿಗೆ, ದೊಡ್ಡೋನಿಗೆ. ಮೇಸ್ತ್ರಿಯ ಕೈಯನ್ನು ನಾನು ಬಿಡದೆ ಹಿಡಿದುಕೊಂಡೇ ನಿಂತಿದ್ದೆ. ಅವನ ನಗು ನಿಂತಿತು. “ಯಾಕಮ್ಮಾ, ಆಯಸ್ಸು ಕಮ್ಮಿ ಇದ್ಯಾ?” ಅಂದ.

ಮನೆಗೆ ಬಂದು ಬಚ್ಚಲ ಒಲೆಯ ಬೂದಿಯನ್ನು ನಾನೇ ತೆಗೆದು ಡಬ್ಬಿಯಲ್ಲಿ ಮುಚ್ಚಿಟ್ಟೆ. ಆ ಬೂದಿಯಲ್ಲಿ ಇಷ್ಟು ವರ್ಷ ಪಾತ್ರೆ ತಿಕ್ಕಿದ್ದೇವೆ.

ಮೂವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇಸ್ತ್ರಿಗೂ ಆಳಿಗೂ ತೊಟ್ಟಿ ಬಿಟ್ಟು ದೂರವಿರಬೇಕು, ತಪ್ಪದೆ ಬಂದು ತೋರಿಸುತ್ತಿರಬೇಕು ಎಂದರು. ದೊಡ್ಡೋನ ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ನೀನು ಕಾಗದದಲ್ಲಿ ಆ ರೋಗದ ಹೆಸರು ಬರೆದಿರಲಿಲ್ಲ. ಅವರು ಹೇಳಿದರು. ಕ್ಯಾನ್ಸರ್. ಬೆರಳುಗಳನ್ನೂ ಅಂಗೈಯ ಒಂದು ಭಾಗವನ್ನೂ ತೆಗೆಯಬೇಕಂತೆ, ತಡ ಮಾಡಿದರೆ ತೋಳು, ಆಮೇಲೆ ತೆಗೆಯಲು ಏನೂ ಉಳಿಯುವುದಿಲ್ಲವಂತೆ.

ಅವನು ಒಪ್ಪುತ್ತಿಲ್ಲ. “ಬೆರಳಿಲ್ದೆ ಇರೋ ಕೈಯಲ್ಲಿ ನಾನು ಏನ್ ಮಾಡ್ಲಿ? ಧಕ್ಕೆ ಕಂಬ ಮುಗೀಲಿ, ಆಮೇಲೆ ನೋಡೋಣ” ಅನ್ನುತ್ತಾನೆ. “ಆಮೇಲೆ ಅಂದ್ರೆ ಯಾವಾಗೋ?” ಅಂದೆ. “ನೀವೇ ತಾನೇ ಹೇಳಿದ್ದು, ಕೊಟ್ಟ ಮಾತಿಗೆ ತಪ್ಪಿದ್ರೆ ಈ ಮನೆ ಮನೆಯಲ್ಲ ಅಂತ” ಅಂದು ಎದ್ದು ಹೋದ. ಮರುದಿನ ಬೆಳಿಗ್ಗೆ ನೋಡಿದರೆ ತೊಟ್ಟಿಯ ಪಕ್ಕದಲ್ಲಿದ್ದಾನೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದಾನೆ, ಬಟ್ಟೆ ಹಸಿರಾಗಿದೆ.

ಆ ಸ್ಟ್ಯಾಂಡನ್ನು ಸುಡಬೇಡ, ಯಾರಿಗೂ ಕೊಡಬೇಡ. ಕಟ್ಟಿಡು, ಲಾರಿಯವನನ್ನು ಕಳಿಸುತ್ತೇನೆ. ಮುಂದೆ ಹಕ್ಕಿ ಸಾಕುವ ಮನಸ್ಸಾದರೆ ಯಾವುದಾದರೂ ಹಣ್ಣಿನ ಮರದ ಹಸಿ ಕೊಂಬೆ ಕಟ್ಟು, ಏನನ್ನೂ ಬಳಿಯದೆ. ಕೊಳೆಯುತ್ತದೆ. ಕೊಳೆತರೆ ಬೇರೆ ಕಟ್ಟು.

ಅತ್ತಿಗೆ

ಆಗಸ್ಟ್ 9

ಅತ್ತಿಗೆಯವರಿಗೆ,

ಮೂರು ಸಲ ಬರೆದು ಹರಿದು ಹಾಕಿದೆ. ಸಮಾಧಾನದ ಮಾತು ನನಗೂ ಗೊತ್ತಿಲ್ಲ, ನಿಮಗೂ ರುಚಿಸುವುದಿಲ್ಲ.

ಇಂಥವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಬೇಗ ಬಂದವರು ಮನೆಗೆ ಹೋದರು. ಕೆಲಸ ಮುಗಿಸಿ ಬರುತ್ತೇನೆ ಅಂದವರು ಕೆಲಸ ಮುಗಿಸಿಯೇ ಬಂದರು, ಮನೆಗೆ ಹೋಗಲಿಲ್ಲ. ನಾನು ಹೇಳಿದರೆ ಅವನು ಕೇಳುವುದಿಲ್ಲ, ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಅವನು ಕಾಯುತ್ತಿರುವುದು ಕಂಬಗಳನ್ನಲ್ಲ, ನಿಮ್ಮ ಮಾತನ್ನು.

ಬರಲೇ?

ಪುಟ್ಟಿ

ಅಕ್ಟೋಬರ್ 2

ಪುಟ್ಟಿಗೆ,

ಬರಬೇಕಿಲ್ಲ ಎಂದು ಬರೆಯಲು ಹೊರಟಿದ್ದೆ. ಬಾ. ನಿನ್ನ ಕೋಣೆ ಗುಡಿಸಿಟ್ಟಿದೆ.

ದೊಡ್ಡೋನ ಬಲಗೈಯ ಮೂರು ಬೆರಳು, ಅಂಗೈಯ ಅರ್ಧ ತೆಗೆದರು. ಕಂಕುಳಲ್ಲಿ ಒಂದು ಗೆಡ್ಡೆ ಇತ್ತು, ಅದನ್ನೂ ತೆಗೆದಿದ್ದಾರೆ. ಅದು ಏನೆಂದು ಇನ್ನೂ ಹೇಳಿಲ್ಲ. ಅವನು ನನ್ನೊಡನೆ ಮಾತಾಡುವುದಿಲ್ಲ. ಎಡಗೈಯಲ್ಲಿ ಚಮಚ ಹಿಡಿಯುವುದನ್ನು ಕಲಿಯುತ್ತಿದ್ದಾನೆ. ಕಲಸಿಕೊಡಲು ಹೋದರೆ ತಟ್ಟೆಯನ್ನು ಆಚೆ ಸರಿಸುತ್ತಾನೆ. ಸರಿಸಲಿ.

ಅವನನ್ನು ಹೇಗೆ ಒಪ್ಪಿಸಿದಿರಿ ಎಂದು ಕೇಳುತ್ತೀಯ. ಒಪ್ಪಿಸಲಿಲ್ಲ. ಹೇಳಿ ನೋಡಿದೆ, ಗದರಿಸಿ ನೋಡಿದೆ. ಈ ವಯಸ್ಸಿನಲ್ಲಿ ಮಗನ ಎದುರು ಕೈಮುಗಿದೂ ನೋಡಿದೆ, ಅದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ. ಅವನ ಬಾಯಲ್ಲಿ ಒಂದೇ ಮಾತು, ಧಕ್ಕೆಯ ಕಂಬ. ಆಗ ನನಗೆ ಹೊಳೆಯಿತು. ಕೈ ಬೇಕೆನ್ನುವುದು ಕಾರ್ಖಾನೆ ಇರುವವರೆಗೆ ಮಾತ್ರ.

ಧಕ್ಕೆಯವರನ್ನು ಮನೆಗೆ ಕರೆಸಿ, ಕಂಬ ಕೊಡಲಾಗುವುದಿಲ್ಲ ಎಂದು ಹೇಳಿದೆ. ಅವರಲ್ಲೊಬ್ಬ, “ನಿಮ್ಮ ಯಜಮಾನ್ರು ಇದ್ದಿದ್ರೆ ಹೀಗೆ ಮಾತು ತಪ್ತಾ ಇರ್ಲಿಲ್ಲ” ಅಂದ. “ಅವರು ಇಲ್ಲ, ನಾನಿದ್ದೀನಿ. ತಪ್ಪಿದ್ದೀನಿ. ಹೋಗಿ ಬನ್ನಿ” ಅಂದೆ. ನೆನೆಸಿ ಒಟ್ಟಿದ ಕಂಬಗಳನ್ನು ಒಂದನ್ನೂ ಮಾರಲಿಲ್ಲ. ಸರ್ಕಾರಕ್ಕೆ ನಾನೇ ಬರೆದು ತಿಳಿಸಿದೆ. ಅವರು ಮುಖಕ್ಕೆ ಕವಚ ಹಾಕಿಕೊಂಡು ಬಂದು ತೊಟ್ಟಿಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋದರು. ನಾವು ಬರಿಗೈ ಇಟ್ಟ ನೀರನ್ನು ಅವರು ಎರಡು ಜೊತೆ ಗ್ಲೌಸ್ ಹಾಕಿಕೊಂಡು ಮುಟ್ಟಿದರು. ಬೀದಿಯವರೆಲ್ಲ ಗೇಟಿನ ಹೊರಗೆ ನಿಂತು ನೋಡಿದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಒಬ್ಬಳು ಅಂದದ್ದು ನನಗೆ ಕೇಳಿಸಿತು.

ಮೇಸ್ತ್ರಿ ಮಾತ್ರ, “ಅಮ್ಮಾವ್ರೇ, ನಾವು ಇನ್ನೆಲ್ಲಿಗೆ ಹೋಗೋದು?” ಅಂದ.

ಗರಗಸದ ಯಂತ್ರವನ್ನು ಲಾರಿಗೆ ಏರಿಸುವಾಗ ದೊಡ್ಡೋನು ಓಡಿ ಬಂದ. ಇಡೀ ಅಂಗಳದ ಎದುರು ನನ್ನನ್ನು ಕೇಳಿದ, “ಅಮ್ಮಾ, ಏನಿದು? ಅಪ್ಪ ಕಟ್ಟಿದ ಮನೇನ ಮುರೀತಿದ್ದೀರಲ್ಲ!”

“ಹೂಂ, ಮುರೀತಿದ್ದೀನಿ.”

“ಯಾರನ್ನ ಕೇಳಿ?”

“ಯಾರನ್ನ ಕೇಳ್ಬೇಕು? ಇನ್ನು ಕಂಬ ಇಲ್ಲ, ತೊಟ್ಟಿ ಇಲ್ಲ. ಆ ಬೆರಳುಗಳನ್ನ ಯಾತಕ್ಕೆ ಇಟ್ಕೋತೀಯೋ ಹೇಳು, ಕೇಳ್ತೀನಿ.”

ಅವನು ಲಾರಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅತ್ತ. ತಂದೆ ಸತ್ತಾಗಲೂ ಅತ್ತವನಲ್ಲ. ನಾನು ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಯಂತ್ರವನ್ನು ಇಳಿಸಿ ಅನ್ನುತ್ತಿದ್ದೆನೋ ಏನೋ.

ಖಾಲಿ ತೊಟ್ಟಿಗೆ ಅವತ್ತೇ ಕಾಂಕ್ರೀಟು ಸುರಿಸಿದೆ. ಕುರ್ಚಿ ತರಿಸಿಕೊಂಡು ಅಂಚಿನವರೆಗೆ ತುಂಬುವ ತನಕ ಕೂತು ನೋಡಿದೆ. ಆಮೇಲೆ ಒಳಗೆ ಹೋಗಿ ಅವನ ಆಸ್ಪತ್ರೆಯ ಚೀಲ ಕಟ್ಟಿದೆ. ಅಂಗಿಗಳಲ್ಲಿ ಗುಂಡಿ ಇಲ್ಲದವನ್ನೇ ಆರಿಸಿ ಇಟ್ಟೆ.